ಮನುಷ್ಯ ತೋಡಿದ ಕಾಲುವೆ ಭೂಗೋಳವನ್ನೇ ಬದಲಿಸಬಲ್ಲದೇ?

ಪ್ರಶ್ನೆ: ಭೂಪಟದಲ್ಲಿ ಕಾಲುವೆ ಎಂದರೆ ಕೂದಲೆಳೆಯಂಥ ನೀಲಿ ಗೆರೆ. ಬೆಟ್ಟ, ನದಿ, ಸಮುದ್ರಗಳು ಲಕ್ಷಾಂತರ ವರ್ಷಗಳಲ್ಲಿ ರೂಪುಗೊಂಡವು. ಹತ್ತಿಪ್ಪತ್ತು ವರ್ಷದಲ್ಲಿ ತೋಡಿದ ಕಾಲುವೆಯೊಂದು ಇಡೀ ಪ್ರದೇಶದ ಭೂಗೋಳವನ್ನು ಬದಲಿಸಿತು ಎನ್ನುವುದು ಉತ್ಪ್ರೇಕ್ಷೆಯಲ್ಲವೇ? ಬದಲಾಗಿದ್ದು ನಿಜವಾದರೆ, ಕಾಲುವೆ ಮುಚ್ಚಿದಾಗ ಎಲ್ಲ ಮೊದಲಿನಂತಾಗುತ್ತದೆಯೇ?

ಉತ್ತರ: ಉತ್ಪ್ರೇಕ್ಷೆಯಲ್ಲ. ಆದರೆ ನಿಮಗೆ ಹಾಗನ್ನಿಸಲು ಕಾರಣವಿದೆ. ಭೂಪಟ ನೋಡುವಾಗ ನಾವೆಲ್ಲ ಕಾಲುವೆಯ ಅಗಲವನ್ನು ನೋಡುತ್ತೇವೆ. ನೋಡಬೇಕಾದ ಗೆರೆ ಬೇರೆ, ಅದನ್ನು ಸಾಮಾನ್ಯ ಭೂಪಟಗಳಲ್ಲಿ ಬರೆದೇ ಇರುವುದಿಲ್ಲ. ಅದರ ಹೆಸರು ಜಲವಿಭಾಜಕ. ಮಳೆಹನಿಯೊಂದು ಆ ಗೆರೆಯ ಈಚೆ ಬಿದ್ದರೆ ಒಂದು ನದಿಯ ಪಾಲು, ಆಚೆ ಬಿದ್ದರೆ ಇನ್ನೊಂದರ ಪಾಲು. ಯಾವ ಮೀನು ಎಲ್ಲಿಯವರೆಗೆ ಈಜಬಲ್ಲದು, ಯಾವ ಮಣ್ಣಿನ ಉಪ್ಪು ಎಲ್ಲಿ ಸೇರುತ್ತದೆ, ಯಾವ ಕೆರೆಗೆ ಎಷ್ಟು ನೀರು ಬರುತ್ತದೆ ಎಂಬುದೆಲ್ಲ ಆ ಗೆರೆಯ ಮೇಲೆ ನಿಂತಿದೆ. ಅದು ಯಾವಾಗಲೂ ದೊಡ್ಡ ಬೆಟ್ಟವೇ ಆಗಿರಬೇಕಿಲ್ಲ. ಎಷ್ಟೋ ಕಡೆ ಎರಡಾಳೆತ್ತರದ ದಿಣ್ಣೆ ಎರಡು ಮಹಾನದಿಗಳನ್ನು ಬೇರ್ಪಡಿಸಿರುತ್ತದೆ. ಆ ದಿಣ್ಣೆಯನ್ನು ಕಡಿಯಲು ಬೇಕಾದದ್ದು ಸಣ್ಣ ಕಾಲುವೆ. ಕಡಿದ ಮೇಲೆ ಬದಲಾಗುವುದು ಎರಡೂ ನದಿಗಳ ಜಲಾನಯನ.

ಅಮೆರಿಕದ ಷಿಕಾಗೊ ನಗರವನ್ನೇ ತೆಗೆದುಕೊಳ್ಳಿ. ಅಲ್ಲಿನ ಷಿಕಾಗೊ ನದಿ ಮೊದಲು ಮಿಷಿಗನ್ ಸರೋವರಕ್ಕೆ ಹರಿಯುತ್ತಿತ್ತು. ನಗರದ ಕೊಳಚೆ ನದಿಗೆ, ನದಿಯಿಂದ ಸರೋವರಕ್ಕೆ, ಕುಡಿಯುವ ನೀರು ಅದೇ ಸರೋವರದಿಂದ. ಕಾಲರಾ, ಟೈಫಾಯ್ಡ್ ಊರನ್ನು ಬಿಟ್ಟು ಹೋಗುತ್ತಿರಲಿಲ್ಲ. ಪಶ್ಚಿಮಕ್ಕೆ ಸ್ವಲ್ಪ ದೂರದಲ್ಲಿ, ಸರೋವರದ ಮಟ್ಟಕ್ಕಿಂತ ಕೆಲವೇ ಮೀಟರ್ ಎತ್ತರದ ಒಂದು ದಿಣ್ಣೆಯಿತ್ತು. ಅದರ ಆಚೆ ಬಿದ್ದ ನೀರು ಮಿಸಿಸಿಪಿ ನದಿ ಸೇರಿ ಮೆಕ್ಸಿಕೊ ಕೊಲ್ಲಿಗೆ ಹೋಗುತ್ತಿತ್ತು. ಮಳೆಗಾಲದಲ್ಲಿ ಆ ದಿಣ್ಣೆಯ ಜೌಗಿನ ಮೇಲೆ ದೋಣಿಯನ್ನೇ ದಾಟಿಸಬಹುದಿತ್ತು. ಸುಮಾರು 45 ಕಿಲೋಮೀಟರ್ ಉದ್ದದ ಕಾಲುವೆಯನ್ನು ಸರೋವರದ ಮಟ್ಟಕ್ಕಿಂತ ಕೆಳಗೆ ತೋಡಿ ಆ ದಿಣ್ಣೆಯನ್ನು ಕಡಿದರು. 1900ರ ಜನವರಿಯಲ್ಲಿ ನೀರು ಬಿಟ್ಟಾಗ ನದಿ ಹಿಮ್ಮುಖವಾಗಿ ಹರಿಯತೊಡಗಿತು. ಸರೋವರಕ್ಕೆ ನೀರು ಕೊಡುತ್ತಿದ್ದ ನದಿ ಸರೋವರದಿಂದ ನೀರು ತೆಗೆದುಕೊಳ್ಳುವ ನದಿಯಾಯಿತು. ಕೆಳಗಿನ ಮಿಸೌರಿ ರಾಜ್ಯ ತಮ್ಮ ನದಿಗೆ ಕೊಳಚೆ ಬರುತ್ತಿದೆ ಎಂದು ಸುಪ್ರೀಂ ಕೋರ್ಟಿಗೆ ಹೋಯಿತು. 1906ರಲ್ಲಿ ಆ ದಾವೆ ವಜಾ ಆಯಿತು.

ಅಂದು ಯಾರೂ ಯೋಚಿಸದಿದ್ದ ಬದಲಾವಣೆ ಕಾಣಿಸಿಕೊಂಡದ್ದು ದಶಕಗಳ ಬಳಿಕ. ಮಿಷಿಗನ್ ಸೇರಿದಂತೆ ಉತ್ತರ ಅಮೆರಿಕದ ಮಹಾಸರೋವರಗಳ ನೀರೂ ಮಿಸಿಸಿಪಿಯ ನೀರೂ ಒಂದಾದ ಮೇಲೆ ಅವುಗಳ ಜೀವಿಗಳ ನಡುವೆ ಗೋಡೆ ಉಳಿಯಲಿಲ್ಲ. ಹಡಗುಗಳ ಜೊತೆ ಯೂರೋಪಿನ ಕಡೆಯಿಂದ ಸರೋವರಕ್ಕೆ ಬಂದಿದ್ದ ಜೀಬ್ರಾ ಚಿಪ್ಪುಜೀವಿ ಈ ದಾರಿಯಲ್ಲಿ ಮಿಸಿಸಿಪಿಗೆ ಇಳಿಯಿತು. ಏಷ್ಯಾ ಮೂಲದ ಕಾರ್ಪ್ ಮೀನುಗಳು ಮಿಸಿಸಿಪಿಯಿಂದ ಸರೋವರದ ಕಡೆಗೆ ಏರುತ್ತಿವೆ. ಅವುಗಳನ್ನು ತಡೆಯಲು ಇಂದು ಆ ಕಾಲುವೆಯ ನೀರಿನಲ್ಲಿ ವಿದ್ಯುತ್ ಹರಿಸಿ ಬೇಲಿ ಹಾಕಿದ್ದಾರೆ. ದಿಣ್ಣೆ ಬಿಟ್ಟಿಯಾಗಿ ಮಾಡುತ್ತಿದ್ದ ಕೆಲಸವನ್ನು ಈಗ ಹಗಲಿರುಳೂ ಕಾಸು ಕೊಟ್ಟು ಮಾಡಿಸಬೇಕಾಗಿದೆ.

ಪನಾಮಾದಲ್ಲಿ ಆದದ್ದು ಇನ್ನೂ ದೊಡ್ಡದು. ಆ ಕಾಲುವೆಯ ಚಿತ್ರ ನಮ್ಮ ಮನಸ್ಸಿನಲ್ಲಿ ಎರಡು ಸಾಗರಗಳ ನಡುವೆ ತೋಡಿದ ಹಳ್ಳದಂತೆ ಇರುತ್ತದೆ. ನಿಜದಲ್ಲಿ ಅದರ ಬಹುಭಾಗ ಒಂದು ಕೆರೆ. ಚಾಗ್ರೆಸ್ ಎಂಬ ನದಿ ಕಾಡಿನ ಮಧ್ಯೆ ಹರಿದು ಕೆರಿಬಿಯನ್ ಸಮುದ್ರ ಸೇರುತ್ತಿತ್ತು. ಅದಕ್ಕೆ ಗಾಟುನ್ ಎಂಬಲ್ಲಿ ಅಣೆಕಟ್ಟು ಕಟ್ಟಿ, ಕಣಿವೆಯನ್ನು ಸುಮಾರು 425 ಚದರ ಕಿಲೋಮೀಟರಿನ ಜಲಾಶಯ ಮಾಡಿದರು. ಅದರ ಮಟ್ಟ ಸಮುದ್ರಕ್ಕಿಂತ ಸುಮಾರು 26 ಮೀಟರ್ ಎತ್ತರ. ಹಡಗುಗಳು ಲಾಕ್ ಎಂಬ ನೀರಿನ ಮೆಟ್ಟಿಲುಗಳನ್ನು ಹತ್ತಿ ಆ ಕೆರೆಗೆ ಬರುತ್ತವೆ, ಇನ್ನೊಂದು ಬದಿಯಲ್ಲಿ ಇಳಿಯುತ್ತವೆ. ಇಳಿಯುವ ಬದಿಗೆ ಹೋಗಲು ಖಂಡದ ಬೆನ್ನೆಲುಬಿನಂತಿದ್ದ ಬೆಟ್ಟಸಾಲನ್ನೇ ಕುಲೆಬ್ರಾ ಎಂಬಲ್ಲಿ ಸೀಳಿದ್ದಾರೆ. ಹೀಗಾಗಿ ಒಂದೇ ಸಮುದ್ರ ಸೇರುತ್ತಿದ್ದ ಚಾಗ್ರೆಸ್ ನದಿಯ ನೀರು 1914ರಿಂದ ಎರಡು ಸಾಗರಗಳಿಗೆ ಹರಿಯುತ್ತಿದೆ. ಬೆಟ್ಟ ಸೀಳಿದ್ದನ್ನು ಬೆಟ್ಟ ಸುಲಭವಾಗಿ ಒಪ್ಪಿಕೊಳ್ಳಲಿಲ್ಲ. ಕುಲೆಬ್ರಾದ ಎರಡೂ ದಂಡೆಗಳು ಪದೇ ಪದೇ ಕುಸಿದವು. ಕಾಲುವೆ ತೆರೆದ ಮರುವರ್ಷವೇ, 1915ರಲ್ಲಿ, ಒಂದು ಭಾರೀ ಕುಸಿತ ಸಂಚಾರವನ್ನು ಏಳು ತಿಂಗಳು ನಿಲ್ಲಿಸಿತು.

ಕಣಿವೆ ತುಂಬಿದಾಗ ಊರುಗಳು, ಹಳೆಯ ರೈಲು ಹಳಿ, ಕಾಡು ಎಲ್ಲ ಮುಳುಗಿದವು. ಬೆಟ್ಟದ ತುದಿಗಳು ಮಾತ್ರ ನಡುಗಡ್ಡೆಗಳಾಗಿ ಉಳಿದವು. ಅವುಗಳಲ್ಲಿ ಬಾರೊ ಕೊಲೊರಾಡೊ ಎಂಬುದನ್ನು 1923ರಿಂದ ಸಂರಕ್ಷಿಸಿ ವಿಜ್ಞಾನಿಗಳು ಅಧ್ಯಯನ ಮಾಡುತ್ತಾ ಬಂದಿದ್ದಾರೆ. ಕಾಡು ಹಾಗೆಯೇ ಇದ್ದರೂ, ಸುತ್ತ ನೀರು ನಿಂತದ್ದಕ್ಕೇ ಎಷ್ಟೋ ಹಕ್ಕಿ ಪ್ರಭೇದಗಳು ಆ ನಡುಗಡ್ಡೆಯಿಂದ ಮಾಯವಾದವು. ಯಾರೂ ಕಾಡು ಕಡಿಯಲಿಲ್ಲ. ಬೆಟ್ಟ ದ್ವೀಪವಾದದ್ದೇ ಕಾರಣವಾಯಿತು. ಇನ್ನೊಂದು ಸಂಗತಿ: ಒಂದು ಹಡಗು ದಾಟಲು ಸುಮಾರು 20 ಕೋಟಿ ಲೀಟರ್ ಸಿಹಿನೀರು ಕೆರೆಯಿಂದ ಸಮುದ್ರಕ್ಕೆ ಹೋಗುತ್ತದೆ. ಅದೇ ಕೆರೆಯ ನೀರನ್ನು ಅಲ್ಲಿನ ನಗರಗಳ ಜನ ಕುಡಿಯುತ್ತಾರೆ. 2023ರಲ್ಲಿ ಮಳೆ ಕೈಕೊಟ್ಟಾಗ ದಿನಕ್ಕೆ ದಾಟುವ ಹಡಗುಗಳ ಸಂಖ್ಯೆಯನ್ನು ತೀರಾ ಕಡಿಮೆ ಮಾಡಬೇಕಾಯಿತು. ಜಗತ್ತಿನ ಸರಕು ಸಾಗಣೆ ಒಂದು ಸಣ್ಣ ನದಿಯ ಮಳೆಗೆ ತಳಕು ಹಾಕಿಕೊಂಡಿದೆ.

ಇಂಥದ್ದು ಇಪ್ಪತ್ತನೇ ಶತಮಾನದ ಯಂತ್ರಗಳಿಂದಲೇ ಸಾಧ್ಯವಾದದ್ದು ಎಂದುಕೊಳ್ಳಬೇಡಿ. ಚೀನಾದ ಮಹಾಕಾಲುವೆ ಉತ್ತರದ ರಾಜಧಾನಿಗೆ ದಕ್ಷಿಣದ ಧಾನ್ಯ ಒಯ್ಯುತ್ತಿತ್ತು. ಅದು ಹಳದಿ ನದಿಯನ್ನು ದಾಟಬೇಕಿದ್ದ ಜಾಗದಲ್ಲಿ ಹೂಳು ತುಂಬಿ ಕಾಲುವೆ ಕಟ್ಟಿಕೊಳ್ಳುತ್ತಿತ್ತು. ಹದಿನಾರನೇ ಶತಮಾನದ ಕೊನೆಯಲ್ಲಿ ಪಾನ್ ಜಿಷುನ್ ಎಂಬ ಅಧಿಕಾರಿ ಒಂದು ಉಪಾಯ ಮಾಡಿದ. ಪಕ್ಕದ ಹುವಾಯ್ ನದಿಯ ತಿಳಿನೀರನ್ನು ದೊಡ್ಡ ಏರಿ ಕಟ್ಟಿ ಮೇಲೆ ನಿಲ್ಲಿಸಿ, ಆ ಒತ್ತಡದಲ್ಲಿ ಹೂಳನ್ನು ಕೊಚ್ಚಿಸುವುದು. ಕೊಚ್ಚಿಸಿದ್ದೂ ಹೌದು. ಆದರೆ ಏರಿಯ ಹಿಂದೆ ನೀರು ವರ್ಷದಿಂದ ವರ್ಷಕ್ಕೆ ಹರಡಿತು, ಏರಿಯನ್ನೂ ಎತ್ತರಿಸುತ್ತಾ ಹೋಗಬೇಕಾಯಿತು. 1680ರಲ್ಲಿ ಸಿಝೌ ಎಂಬ ನಗರವೇ ಮುಳುಗಿಹೋಯಿತು. ಇಂದು ಅಲ್ಲಿರುವ ಹೊಂಗ್‌ಝೆ ಸರೋವರ ಚೀನಾದ ದೊಡ್ಡ ಸಿಹಿನೀರಿನ ಸರೋವರಗಳಲ್ಲಿ ಒಂದು. ಈಗ ನೋಡಿದವರು ಅದನ್ನು ಪ್ರಕೃತಿಯ ಕೊಡುಗೆ ಎಂದೇ ತಿಳಿಯುತ್ತಾರೆ.

ಪನಾಮಾದಲ್ಲಿ ಎರಡು ಸಾಗರಗಳ ನಡುವೆ ಸಿಹಿನೀರಿನ ಕೆರೆಯೊಂದು ಬಾಗಿಲಿನಂತಿದೆ. ಉಪ್ಪುನೀರಿನ ಹೆಚ್ಚಿನ ಜೀವಿಗಳು ಅದನ್ನು ದಾಟಲಾರವು. ಸೂಯೆಜ್‌ನಲ್ಲಿ ಆ ಬಾಗಿಲಿಲ್ಲ. 1799ರಲ್ಲಿ ನೆಪೋಲಿಯನ್‌ನ ಮೋಜಣಿದಾರರು ಕೆಂಪು ಸಮುದ್ರ ಮೆಡಿಟರೇನಿಯನ್‌ಗಿಂತ ಸುಮಾರು 10 ಮೀಟರ್ ಎತ್ತರದಲ್ಲಿದೆ ಎಂದು ತಪ್ಪಾಗಿ ಲೆಕ್ಕ ಹಾಕಿದ್ದರು. ವ್ಯತ್ಯಾಸ ನಗಣ್ಯ ಎಂಬುದು ಆಮೇಲೆ ತಿಳಿದದ್ದರಿಂದಲೇ ಲಾಕ್‌ಗಳಿಲ್ಲದ ನೇರ ಕಾಲುವೆ ಸಾಧ್ಯವಾಯಿತು. 1869ರ ನವೆಂಬರ್ 17ರಂದು ಅದು ತೆರೆಯಿತು. ದಾರಿಯಲ್ಲಿ ಕಹಿ ಸರೋವರಗಳೆಂದು ಕರೆಯುವ ಒಣ ತಗ್ಗುಗಳಿದ್ದವು, ತಳದಲ್ಲಿ ದಪ್ಪ ಉಪ್ಪಿನ ಹಾಸು. ಅವುಗಳಿಗೆ ಸಮುದ್ರದ ನೀರು ತುಂಬಿದಾಗ ಆ ಉಪ್ಪು ಕರಗಿ ಅಲ್ಲಿನ ನೀರು ಸಮುದ್ರಕ್ಕಿಂತಲೂ ಎಷ್ಟೋ ಪಾಲು ಉಪ್ಪಾಯಿತು. ಈ ಅತಿ ಉಪ್ಪಿನ ಪಟ್ಟಿ ದಶಕಗಳ ಕಾಲ ಮೀನುಗಳಿಗೆ ಅಡ್ಡಗೋಡೆಯಾಗಿತ್ತು. ಉತ್ತರದ ತುದಿಯಲ್ಲಿ ಇನ್ನೊಂದು ಗೋಡೆ: ಪ್ರತಿವರ್ಷ ನೈಲ್ ನದಿಯ ನೆರೆ ಸಮುದ್ರಕ್ಕೆ ತರುತ್ತಿದ್ದ ಸಿಹಿನೀರು.

ಎರಡೂ ಗೋಡೆಗಳು ಹೋದವು. ತಳದ ಉಪ್ಪು ನಿಧಾನವಾಗಿ ಕರಗಿ ಮುಗಿಯುತ್ತಾ ಬಂತು. ಆಸ್ವಾನ್ ಮಹಾ ಅಣೆಕಟ್ಟು 1960ರ ದಶಕದಲ್ಲಿ ನೈಲ್ ನೆರೆಯನ್ನು ನಿಲ್ಲಿಸಿತು. ಯುಗಯುಗಗಳಿಂದ ಬೇರೆಬೇರೆಯಾಗಿ ಬೆಳೆದಿದ್ದ ಎರಡು ಸಮುದ್ರಗಳ ಜೀವಿಗಳು ಬೆರೆಯತೊಡಗಿದವು. ಬೆರೆತವು ಎನ್ನುವುದಕ್ಕಿಂತ, ಹೆಚ್ಚೂಕಡಿಮೆ ಒಂದೇ ದಿಕ್ಕಿನಲ್ಲಿ, ಕೆಂಪು ಸಮುದ್ರದಿಂದ ಮೆಡಿಟರೇನಿಯನ್‌ಗೆ, ವಲಸೆ ಬಂದವು ಎನ್ನಬೇಕು. ಈವರೆಗೆ ನೂರಾರು ಪ್ರಭೇದಗಳು ಬಂದಿವೆ. ಕಾಲುವೆ ಕಟ್ಟಿಸಿದ ಫರ್ಡಿನಾಂಡ್ ದ ಲೆಸೆಪ್ಸ್ ಹೆಸರಿನಿಂದ ಜೀವಶಾಸ್ತ್ರಜ್ಞರು ಇದನ್ನು ಲೆಸೆಪ್ಸಿಯನ್ ವಲಸೆ ಎನ್ನುತ್ತಾರೆ. ಮೊಲಮೀನು ಎಂಬ ಪಾಚಿಭಕ್ಷಕ ಮೀನು ಪೂರ್ವ ಮೆಡಿಟರೇನಿಯನ್‌ನ ಕಡಲತಳದ ಬಂಡೆಗಳನ್ನು ಬೋಳಿಸಿಬಿಟ್ಟಿದೆ. ಒಂದು ಜಾತಿಯ ಅಂಬಲಿಮೀನು (ಜೆಲ್ಲಿಫಿಶ್) ಬೇಸಿಗೆಯಲ್ಲಿ ಹಿಂಡುಹಿಂಡಾಗಿ ಬಂದು ಕರಾವಳಿಯ ವಿದ್ಯುತ್ ಸ್ಥಾವರಗಳ ನೀರಿನ ಕೊಳವೆಗಳನ್ನು ಕಟ್ಟಿಸುತ್ತದೆ. ಸಮುದ್ರದ ಮೇಲ್ಮೈ ನೋಡಿದರೆ ಏನೂ ಬದಲಾಗಿಲ್ಲ. ಒಳಗೆ ಅದು ಬೇರೆಯೇ ಸಮುದ್ರ.

ಗ್ರೀಸಿನ ಕೊರಿಂತ್ ಕಾಲುವೆಯನ್ನು ಇಲ್ಲಿ ಹೇಳಿ ಮುಗಿಸುತ್ತೇನೆ. 1893ರಲ್ಲಿ ಮುಗಿದ ಅದರ ಉದ್ದ 6 ಕಿಲೋಮೀಟರಿಗೆ ಸ್ವಲ್ಪ ಹೆಚ್ಚು, ಅಷ್ಟೆ. ಪೆಲೊಪೊನೀಸ್ ಎಂಬ ಪರ್ಯಾಯ ದ್ವೀಪ ಅದರಿಂದ ನೆಲದ ನಂಟು ಕಡಿದುಕೊಂಡು ದ್ವೀಪವಾಯಿತು. ಪಠ್ಯಪುಸ್ತಕಗಳಲ್ಲಿ ಇದನ್ನೇ ಮೊದಲ ಉದಾಹರಣೆಯಾಗಿ ಕೊಡುತ್ತಾರೆ. ನನಗೆ ಅದು ಅಷ್ಟು ಮಹತ್ವದ್ದು ಎನ್ನಿಸಿಲ್ಲ. ಹೆಸರು ಬದಲಾಯಿತು, ಸೇತುವೆಗಳು ಬಂದವು. ನೀರಿನ ಪಾಲು ಬದಲಾಗಲಿಲ್ಲ.

ನೀರಿನ ಪಾಲು ಬದಲಾದರೆ ಏನಾಗುತ್ತದೆ ಎಂಬುದಕ್ಕೆ ಮಧ್ಯ ಏಷ್ಯಾಕ್ಕೆ ಹೋಗಬೇಕು. ನಿಮ್ಮ ಪ್ರಶ್ನೆಗೆ ನಿಜವಾದ ಉತ್ತರ ಅಲ್ಲಿದೆ.

ಪಾಮಿರ್ ಬೆಟ್ಟಗಳ ಹಿಮ ಕರಗಿ ಹುಟ್ಟುವ ಅಮು ದರಿಯಾ ನದಿ ಮರುಭೂಮಿಯನ್ನು ದಾಟಿ ಅರಲ್ ಸಮುದ್ರ ಸೇರುತ್ತಿತ್ತು. ಉತ್ತರದಿಂದ ಸಿರ್ ದರಿಯಾ ಬಂದು ಸೇರುತ್ತಿತ್ತು. ಅರಲ್‌ಗೆ ಹೊರಹರಿವು ಇಲ್ಲ. ಬರುವ ನೀರು ಎಷ್ಟೋ, ಬಿಸಿಲಿಗೆ ಆವಿಯಾಗುವ ನೀರೂ ಅಷ್ಟೇ. ಈ ಎರಡರ ಸಮತೋಲವೇ ಅದರ ದಡದ ಗೆರೆಯನ್ನು ಹಿಡಿದಿಟ್ಟಿತ್ತು. 1960ರಲ್ಲಿ ಅದರ ವಿಸ್ತೀರ್ಣ ಸುಮಾರು 68,000 ಚದರ ಕಿಲೋಮೀಟರ್, ಜಗತ್ತಿನ ನಾಲ್ಕನೇ ದೊಡ್ಡ ಸರೋವರ.

1954ರಲ್ಲಿ ಸೋವಿಯತ್ ಆಡಳಿತ ಅಮು ದರಿಯಾದಿಂದ ಪಶ್ಚಿಮಕ್ಕೆ ಕಾರಾಕುಮ್ ಕಾಲುವೆ ತೋಡಲು ಆರಂಭಿಸಿತು. 1962ಕ್ಕೆ ನೀರು ಅಶ್ಗಾಬಾತ್ ನಗರ ತಲುಪಿತು. ಮುಗಿಯುವ ಹೊತ್ತಿಗೆ ಅದರ ಉದ್ದ 1,300 ಕಿಲೋಮೀಟರ್ ದಾಟಿತ್ತು. ಮರಳಿನಲ್ಲಿ ತೋಡಿದ ಕಾಲುವೆ, ತಳಕ್ಕೆ ಕಾಂಕ್ರೀಟಿಲ್ಲ. ಹರಿದ ನೀರಿನಲ್ಲಿ ದೊಡ್ಡ ಪಾಲು ದಾರಿಯಲ್ಲೇ ಇಂಗಿಹೋಗುತ್ತಿತ್ತು. ಉಳಿದದ್ದು ಹತ್ತಿಯ ಹೊಲಗಳಿಗೆ. ಅರಲ್‌ನ ಅಳಿವಿಗೆ ಇದೊಂದೇ ಕಾರಣವಲ್ಲ ಎಂದು ಹೇಳಲೇಬೇಕು. ಎರಡೂ ನದಿಗಳ ಉದ್ದಕ್ಕೂ ಇಂಥ ನಾಲೆಗಳ ಜಾಲವೇ ಇತ್ತು. ಆದರೆ ನದಿಯ ನೀರನ್ನು ಅದರ ಜಲಾನಯನದಿಂದಲೇ ಹೊರಗೆ, ಎಂದೂ ಮರಳದ ದಿಕ್ಕಿಗೆ ಒಯ್ದ ಅತಿ ದೊಡ್ಡ ಕಾಲುವೆ ಇದು. ಹೊಲದಲ್ಲಿ ಹೆಚ್ಚಾದ ನೀರು ಸಾಮಾನ್ಯವಾಗಿ ಬಸಿದು ನದಿಗೇ ವಾಪಸಾಗುತ್ತದೆ. ಇಲ್ಲಿ ಅದಕ್ಕೂ ಅವಕಾಶ ಉಳಿಯಲಿಲ್ಲ.

ಸಮತೋಲ ತಪ್ಪಿದ ಮೇಲೆ ದಡ ಹಿಂದೆ ಸರಿಯಿತು. ಮೀನುಗಾರಿಕೆಯ ಬಂದರಾಗಿದ್ದ ಮೊಯ್ನಾಕ್‌ನಿಂದ ನೀರು ಹತ್ತಾರು ಕಿಲೋಮೀಟರ್ ದೂರ ಹೋಯಿತು, ಹಡಗುಗಳು ಮರಳಿನ ಮೇಲೆ ಉಳಿದವು. 1980ರ ದಶಕದ ಕೊನೆಗೆ ಸಮುದ್ರ ಉತ್ತರ, ದಕ್ಷಿಣ ಎಂದು ಎರಡು ಹೋಳಾಯಿತು. ಜೈವಿಕ ಅಸ್ತ್ರಗಳ ಪರೀಕ್ಷೆಗೆ ದೂರದ ಜಾಗವೆಂದು ಆರಿಸಿದ್ದ ವೊಜ್ರೊಝ್‌ದೆನಿಯಾ ದ್ವೀಪ 2001ರ ಸುಮಾರಿಗೆ ನೆಲಕ್ಕೆ ಅಂಟಿಕೊಂಡಿತು. 2014ರಲ್ಲಿ ದಕ್ಷಿಣ ಭಾಗದ ಪೂರ್ವ ಹೋಳು ಪೂರ್ತಿ ಒಣಗಿದ್ದು ಉಪಗ್ರಹ ಚಿತ್ರಗಳಲ್ಲಿ ಕಂಡಿತು. ಸಮುದ್ರದ ತಳ ಇಂದು ಅರಲ್‌ಕುಮ್ ಎಂಬ ಹೊಸ ಮರುಭೂಮಿ. ಗಾಳಿ ಎದ್ದರೆ ಅಲ್ಲಿನ ಉಪ್ಪು ಮತ್ತು ಹತ್ತಿ ಹೊಲಗಳಿಂದ ಬಂದು ಸೇರಿದ್ದ ಕೀಟನಾಶಕಗಳ ಧೂಳು ನೂರಾರು ಕಿಲೋಮೀಟರ್ ಹಾರುತ್ತದೆ. ದೊಡ್ಡ ಜಲರಾಶಿ ಬೇಸಿಗೆಯಲ್ಲಿ ತಂಪು ಕೊಟ್ಟು ಚಳಿಗಾಲದಲ್ಲಿ ಬೆಚ್ಚಗಿಡುತ್ತಿತ್ತು. ಅದು ಹೋದ ಮೇಲೆ ಸುತ್ತಲಿನ ಬೇಸಿಗೆ ಇನ್ನಷ್ಟು ಬಿಸಿ, ಚಳಿಗಾಲ ಇನ್ನಷ್ಟು ಕಟು, ಬೆಳೆ ಬೆಳೆಯುವ ಅವಧಿ ಮೊಟಕು.

ನೀರು ಮಾತ್ರ ಎಲ್ಲಿಗೂ ಮಾಯವಾಗಲಿಲ್ಲ. ಹೊಲಗಳಿಂದ ಬಸಿದ ನೀರಿನ ಒಂದು ಪಾಲು ಹೋಗಿ ಸರಿಕಾಮಿಶ್ ಎಂಬ ತಗ್ಗಿನಲ್ಲಿ ನಿಂತು ದೊಡ್ಡ ಉಪ್ಪು ಸರೋವರವಾಗಿದೆ. ಒಂದು ಸಮುದ್ರ ಬತ್ತಿತು, ಬೇಡದ ಕಡೆ ಒಂದು ಸರೋವರ ಹುಟ್ಟಿತು. ಕಾಲುವೆಯ ದಂಡೆಯ ಮೇಲೆ ನಿಂತವರಿಗೆ ಮರುಭೂಮಿ ಹಸಿರಾದದ್ದು ಕಾಣುತ್ತಿತ್ತು. ಅರಲ್ ಅಲ್ಲಿಂದ ಕಣ್ಣಿಗೆಟಕದಷ್ಟು ದೂರ. ಕಾಲುವೆಯ ನಿಜವಾದ ಪರಿಣಾಮ ಕಾಲುವೆಯ ಬಳಿ ಸಿಗುವುದು ಅಪರೂಪ. ಅದರ ನೀರು ಮೊದಲು ಎಲ್ಲಿಗೆ ಹೋಗುತ್ತಿತ್ತೋ ಅಲ್ಲಿ ಹೋಗಿ ನೋಡಬೇಕು.

ಹಾಗೆಂದು ಕಾಲುವೆಯ ಬಳಿ ಏನೂ ಆಗುವುದಿಲ್ಲ ಎಂದಲ್ಲ. ಅಲ್ಲಿ ಆಗುವುದು ನಿಧಾನ, ನೆಲದಡಿಯಲ್ಲಿ. ರೈತರು ಅದನ್ನು ಸವಳು-ಜವಳು ಎಂದು ಎರಡೇ ಮಾತಿನಲ್ಲಿ ಹೇಳಿಬಿಡುತ್ತಾರೆ. ಜವಳು ಎಂದರೆ ನೀರು ನಿಂತು ಕೆಟ್ಟ ನೆಲ, ಸವಳು ಎಂದರೆ ಉಪ್ಪೇರಿದ ನೆಲ. ಎರಡೂ ಒಟ್ಟಿಗೇ ಬರುವುದಕ್ಕೆ ಒಂದು ಲೆಕ್ಕವಿದೆ. ಎಂಥ ಸಿಹಿನೀರಿನ ನದಿಯಲ್ಲೂ ಕರಗಿದ ಲವಣ ಇರುತ್ತದೆ. ಲೀಟರಿಗೆ ಅರ್ಧ ಗ್ರಾಂ ಎಂದಿಟ್ಟುಕೊಳ್ಳಿ. ಒಂದು ಹೆಕ್ಟೇರಿಗೆ ವರ್ಷಕ್ಕೆ ಒಟ್ಟು ಒಂದು ಮೀಟರ್ ಆಳದಷ್ಟು ನೀರು ಹಾಯಿಸಿದರೆ 10,000 ಘನ ಮೀಟರ್ ಆಯಿತು. ಅದರಲ್ಲಿರುವ ಲವಣ 5 ಟನ್. ನೀರನ್ನು ಬೆಳೆ ಕುಡಿಯುತ್ತದೆ, ಬಿಸಿಲು ಕುಡಿಯುತ್ತದೆ. ಉಪ್ಪನ್ನು ಯಾರೂ ಕುಡಿಯುವುದಿಲ್ಲ. ಅದನ್ನು ತೊಳೆದು ಒಯ್ಯಲು ಬಸಿಗಾಲುವೆ ಇಲ್ಲದಿದ್ದರೆ ಹತ್ತು ವರ್ಷದಲ್ಲಿ ಆ ಹೆಕ್ಟೇರಿನಲ್ಲಿ 50 ಟನ್ ಕೂಡುತ್ತದೆ.

ಇನ್ನು ನಾಲೆಯ ತಳದಿಂದ, ಗದ್ದೆಗಳಿಂದ ಇಂಗಿದ ನೀರು ಅಂತರ್ಜಲವನ್ನು ವರ್ಷವರ್ಷವೂ ಮೇಲೆತ್ತುತ್ತದೆ. ಅದು ನೆಲಮಟ್ಟಕ್ಕೆ ಒಂದೆರಡು ಮೀಟರಿನಷ್ಟು ಹತ್ತಿರ ಬಂದ ಮೇಲೆ, ದೀಪದ ಬತ್ತಿ ಎಣ್ಣೆ ಎಳೆಯುವ ಹಾಗೆ ಮಣ್ಣು ನೀರನ್ನು ಮೇಲಕ್ಕೆಳೆಯತೊಡಗುತ್ತದೆ. ಆವಿಯಾಗುವುದು ನೀರು, ಮೇಲೆ ಉಳಿಯುವುದು ಬೆಳ್ಳಗಿನ ಉಪ್ಪು. ಸಿಂಧೂ ಬಯಲಿನಲ್ಲಿ ಹತ್ತೊಂಬತ್ತನೇ ಶತಮಾನದಿಂದ ತೋಡಿದ ಕಾಲುವೆಗಳು ನೂರು ವರ್ಷದೊಳಗೆ ಆಳದ ಅಂತರ್ಜಲವನ್ನು ನೆಲದ ಹತ್ತಿರಕ್ಕೆ ತಂದವು. 1960ರ ದಶಕದಲ್ಲಿ ಪಾಕಿಸ್ತಾನ ಸಾವಿರಾರು ಕೊಳವೆಬಾವಿ ಕೊರೆದು ಆ ನೀರನ್ನು ಮೇಲೆತ್ತಿ ಹೊರಹಾಕಲು ಶುರುಮಾಡಿತು. ಥಾರ್ ಮರುಭೂಮಿಗೆ ನೀರು ತಂದ ಇಂದಿರಾ ಗಾಂಧಿ ಕಾಲುವೆಯಲ್ಲೂ ಇದೇ ಆಯಿತು. 1958ರಲ್ಲಿ ಕೆಲಸ ಶುರುವಾದ, ಹರಿಕೆ ಬ್ಯಾರೇಜಿನಿಂದ ಹೊರಡುವ, 649 ಕಿಲೋಮೀಟರ್ ಉದ್ದದ ಕಾಲುವೆ ಅದು. ಅದರಿಂದ ಮರಳುಗಾಡಿನಲ್ಲಿ ಗೋಧಿ, ಸಾಸಿವೆ ಬೆಳೆದದ್ದು, ಊರುಗಳಿಗೆ ಕುಡಿಯುವ ನೀರು ಬಂದದ್ದು ಸಣ್ಣ ಸಾಧನೆಯಲ್ಲ. ಆದರೆ ಅಲ್ಲಿ ಕೆಲವೆಡೆ ಮರಳಿನ ಕೆಳಗೆ ಜಿಪ್ಸಮ್‌ನ ಗಟ್ಟಿ ಪದರವಿದೆ, ನೀರು ಅದನ್ನು ದಾಟಿ ಇಳಿಯಲಾರದು. ಮರಳುದಿಬ್ಬಗಳ ನಡುವಿನ ತಗ್ಗುಗಳಲ್ಲಿ ಮಳೆಯೇ ಇಲ್ಲದೆ ಕೆರೆಗಳು ಎದ್ದವು. ತೋಡುವ ಮುನ್ನ ನೆಲದಡಿ ಏನಿದೆ ಎಂದು ನೋಡುವ ಖರ್ಚು ಒಟ್ಟು ಖರ್ಚಿನಲ್ಲಿ ಅತಿ ಸಣ್ಣದು. ಬಸಿಗಾಲುವೆಗೆ ಹಣವಿಲ್ಲದಿದ್ದರೆ ನೀರಾವರಿ ಕಾಲುವೆಯನ್ನೂ ತೋಡಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ನೀರು ತರುವ ಕಾಲುವೆ ನೆಲಕ್ಕೆ ಉಪ್ಪೇರಿಸಿದರೆ, ನೀರು ಬಸಿಯುವ ಕಾಲುವೆ ನೆಲವನ್ನೇ ಇಳಿಸಬಲ್ಲದು. ಜೌಗಿನಲ್ಲಿ ಸತ್ತ ಗಿಡಗಳು ನೀರಿನಡಿ ಗಾಳಿಯಿಲ್ಲದೆ ಪೂರ್ತಿ ಕೊಳೆಯದೆ ಸಾವಿರಾರು ವರ್ಷ ಕೂಡಿ ಪೀಟ್ ಎಂಬ ಕಪ್ಪು ಮಣ್ಣಾಗಿರುತ್ತವೆ. ಕಾಲುವೆ ತೋಡಿ ನೀರು ಬಸಿದರೆ ಅದಕ್ಕೆ ಗಾಳಿ ತಾಗುತ್ತದೆ, ಅದು ಕುಗ್ಗುತ್ತದೆ, ಕೊಳೆತು ಇಂಗಾಲದ ಡೈಆಕ್ಸೈಡ್ ಆಗಿ ಹಾರಿಹೋಗುತ್ತದೆ. ಇಂಗ್ಲೆಂಡಿನ ಹೋಮ್ ಫೆನ್ ಎಂಬಲ್ಲಿ ಹತ್ತೊಂಬತ್ತನೇ ಶತಮಾನದ ಮಧ್ಯದಲ್ಲಿ ಸರೋವರವೊಂದನ್ನು ಬಸಿದಾಗ ಒಂದು ಕಂಬವನ್ನು ತುದಿ ನೆಲಕ್ಕೆ ಸಮವಾಗುವಂತೆ ಹುಗಿದರು. ಇಂದು ಆ ಕಂಬದ ತುದಿ ನೆಲದಿಂದ ಸುಮಾರು 4 ಮೀಟರ್ ಮೇಲಿದೆ. ಕಂಬ ಕದಲಿಲ್ಲ, ನೆಲ ಇಳಿದಿದೆ. ಆ ಸೀಮೆಯಲ್ಲಿ ನದಿಗಳು ಹೊಲಗಳಿಗಿಂತ ಎತ್ತರದಲ್ಲಿ ಹರಿಯುತ್ತವೆ, ಪಂಪು ನಿಂತರೆ ಹೊಲ ಮುಳುಗುತ್ತದೆ. ಬೋರ್ನಿಯೊದ ಕಾಳಿಮಂಟನ್‌ನಲ್ಲಿ ಇದೇ ಕೆಲಸ ಭಯಂಕರ ವೇಗದಲ್ಲಿ ನಡೆಯಿತು. ಇಂಡೊನೇಷ್ಯಾ ಸರ್ಕಾರ 1996ರಲ್ಲಿ ಸುಮಾರು ಹತ್ತು ಲಕ್ಷ ಹೆಕ್ಟೇರ್ ಪೀಟ್ ಕಾಡನ್ನು ಭತ್ತದ ಗದ್ದೆ ಮಾಡಹೊರಟು ಸಾವಿರಾರು ಕಿಲೋಮೀಟರ್ ಕಾಲುವೆ ತೋಡಿಸಿತು. ಮರುವರ್ಷ ಬರ ಬಂದಾಗ ಒಣಗಿದ ನೆಲವೇ ಹೊತ್ತಿ ಉರಿಯಿತು. ಭತ್ತ ಬೆಳೆಯಲಿಲ್ಲ. ಹೊಗೆ ನೆರೆಯ ದೇಶಗಳವರೆಗೆ ಮುಸುಕಿತು.

ಊರು, ವ್ಯಾಪಾರಗಳ ಭೂಗೋಳ ಬದಲಾಗುವುದು ನಿಮಗೆ ತಿಳಿದದ್ದೇ. 1825ರ ಈರಿ ಕಾಲುವೆ ಬಫೆಲೊ, ರಾಚೆಸ್ಟರ್‌ಗಳನ್ನು ಬೆಳೆಸಿತು. ಸೂಯೆಜ್ ತೆರೆದದ್ದರಿಂದ ಆಫ್ರಿಕಾ ಸುತ್ತುವ ಹಡಗುಗಳು ಕಡಿಮೆಯಾಗಿ, ದೂರದ ಅಟ್ಲಾಂಟಿಕ್‌ನ ಸೇಂಟ್ ಹೆಲೀನಾ ದ್ವೀಪದ ಜನರ ಜೀವನೋಪಾಯವೇ ಕುಸಿಯಿತು. ಇಲ್ಲೂ ಪೆಟ್ಟು ಬಿದ್ದದ್ದು ಕಾಲುವೆಯಿಂದ ಎಷ್ಟೋ ಸಾವಿರ ಕಿಲೋಮೀಟರ್ ಆಚೆ.

ಈಗ ನಿಮ್ಮ ಎರಡನೇ ಪ್ರಶ್ನೆ. ಮುಚ್ಚಿದರೆ ಮೊದಲಿನಂತಾಗುತ್ತದೆಯೇ? ಕ್ಯಾಲಿಫೋರ್ನಿಯಾದ ಕಥೆ ಕೇಳಿ. ಅಲ್ಲಿ ಸಮುದ್ರಮಟ್ಟಕ್ಕಿಂತ ಬಹಳ ಕೆಳಗಿನ ಒಣ ತಗ್ಗೊಂದಿತ್ತು. ಅದರ ಪಕ್ಕದ ಹೊಲಗಳಿಗೆ ಕೊಲರಾಡೊ ನದಿಯಿಂದ ಕಾಲುವೆ ತಂದಿದ್ದರು. ಮೂತಿಯಲ್ಲಿ ಹೂಳು ತುಂಬಿದಾಗ, ಅವಸರದಲ್ಲಿ ತೂಬೇ ಇಲ್ಲದೆ ನದಿಯ ದಂಡೆಯಲ್ಲಿ ಹೊಸ ಬಾಯಿ ಕಡಿದರು. 1905ರಲ್ಲಿ ನೆರೆ ಬಂದು ಆ ಬಾಯಿ ಅಗಲವಾಯಿತು, ಇಡೀ ನದಿಯೇ ಸಮುದ್ರದ ದಾರಿ ಬಿಟ್ಟು ತಗ್ಗಿಗೆ ನುಗ್ಗಿತು. ರೈಲುಗಟ್ಟಲೆ ಕಲ್ಲು ಸುರಿದು 1907ರಲ್ಲಿ ಅದನ್ನು ಮುಚ್ಚುವಷ್ಟರಲ್ಲಿ ಸಾಲ್ಟನ್ ಸಮುದ್ರ ಹುಟ್ಟಿತ್ತು. ಬಾಯಿ ಮುಚ್ಚಿದ ಮೇಲೆ ಅದು ಬತ್ತಬೇಕಿತ್ತು. ಬತ್ತಲಿಲ್ಲ, ಏಕೆಂದರೆ ಸುತ್ತಲಿನ ಹೊಲಗಳ ಬಸಿನೀರು ಅದಕ್ಕೆ ಆಸರೆಯಾಯಿತು. ಹಕ್ಕಿಗಳು ವಲಸೆಯ ತಂಗುದಾಣ ಮಾಡಿಕೊಂಡವು. ಈಗ ಬಸಿನೀರು ಕಡಿಮೆಯಾಗಿ ಅದು ಕುಗ್ಗುತ್ತಿದೆ, ಸಮುದ್ರಕ್ಕಿಂತ ಹೆಚ್ಚು ಉಪ್ಪಾಗಿದೆ, ಬತ್ತಿದ ತಳದ ಧೂಳು ಜನರ ಶ್ವಾಸಕೋಶಕ್ಕೆ ಹೋಗುತ್ತಿದೆ. ಹುಟ್ಟಬಾರದಿದ್ದ ಸರೋವರವನ್ನು ಈಗ ಸಾಯಗೊಡಬಾರದು ಎಂದು ಜನ ಹೋರಾಡುತ್ತಿದ್ದಾರೆ. ಅವರದು ನ್ಯಾಯವಾದ ಬೇಡಿಕೆ.

ಹೀಗಾಗಿ ಉತ್ತರ ಯಾವುದು ಬದಲಾಗಿದೆ ಎಂಬುದನ್ನು ನೋಡಿಕೊಂಡು ಹೇಳಬೇಕಾಗುತ್ತದೆ. ಮೆಡಿಟರೇನಿಯನ್ ಸೇರಿದ ಮೀನುಗಳನ್ನು ವಾಪಸು ಕಳಿಸಲಾಗದು. ಹಾರಿಹೋದ ಪೀಟ್ ಮಣ್ಣು ಮರಳಿ ಕೂಡಲು ಸಾವಿರಾರು ವರ್ಷ ಬೇಕು. ನೀರಿನ ವಿಷಯದಲ್ಲಿ ಮಾತ್ರ ಸ್ವಲ್ಪ ಆಸೆಯಿದೆ. 2005ರಲ್ಲಿ ಕಜಕಸ್ತಾನ ಕೊಕ್-ಅರಲ್ ಎಂಬಲ್ಲಿ ಏರಿ ಕಟ್ಟಿ ಅರಲ್ ಸಮುದ್ರದ ಉತ್ತರದ ಹೋಳನ್ನು ದಕ್ಷಿಣದಿಂದ ಬೇರ್ಪಡಿಸಿತು. ಸಿರ್ ದರಿಯಾದ ನೀರು ಅಲ್ಲೇ ನಿಂತು ಮಟ್ಟ ಏರಿತು, ಉಪ್ಪು ಇಳಿಯಿತು, ಮೀನುಗಾರರು ಮತ್ತೆ ಬಲೆ ಬೀಸಿದರು. ದಕ್ಷಿಣದ ಹೋಳನ್ನು ಅದರ ಪಾಡಿಗೆ ಬಿಟ್ಟುಕೊಟ್ಟರು.

ಫ್ಲಾರಿಡಾದ ಕಿಸಿಮಿ ನದಿಯಲ್ಲಿ ಇದಕ್ಕಿಂತ ಧೈರ್ಯದ ಕೆಲಸ ನಡೆದಿದೆ. ಸುಮಾರು 166 ಕಿಲೋಮೀಟರ್ ಬಳುಕಿ ಹರಿಯುತ್ತಿದ್ದ ನದಿಯನ್ನು ನೆರೆ ತಡೆಯಲೆಂದು 1962ರಿಂದ 1971ರವರೆಗೆ ಸುಮಾರು 90 ಕಿಲೋಮೀಟರಿನ ನೇರ ಕಾಲುವೆ ಮಾಡಿದ್ದರು. ಅಕ್ಕಪಕ್ಕದ ಜೌಗು ಒಣಗಿ ನೀರುಹಕ್ಕಿಗಳು ಹೋದವು, ಮೊದಲು ಜೌಗಿನಲ್ಲಿ ಸೋಸಿಹೋಗುತ್ತಿದ್ದ ಗೊಬ್ಬರದ ಅಂಶ ನೇರವಾಗಿ ಕೆಳಗಿನ ಸರೋವರಕ್ಕೆ ಇಳಿಯಿತು. 1999ರಿಂದ ಆ ಕಾಲುವೆಯ ಸುಮಾರು 35 ಕಿಲೋಮೀಟರನ್ನು, ತೋಡಿದಾಗ ದಂಡೆಯ ಮೇಲೆ ಗುಡ್ಡೆ ಹಾಕಿದ್ದ ಮಣ್ಣಿನಿಂದಲೇ ಮುಚ್ಚಿದರು. ನೀರು ತನ್ನ ಹಳೆಯ ತಿರುವುಗಳನ್ನು ಹಿಡಿದು ಹರಿಯಿತು, ತಿರುವುಗಳಲ್ಲಿ ಮರಳುದಿಣ್ಣೆಗಳು ಮೂಡಿದವು, ಬಾತುಗಳೂ ಬೆಳ್ಳಕ್ಕಿಗಳೂ ಬಂದವು. ಕೆಲಸ ಮುಗಿದದ್ದು 2021ರಲ್ಲಿ, ಅಂದರೆ ತೋಡಲು ಹಿಡಿದದ್ದರ ಎರಡು ಪಟ್ಟಿಗಿಂತ ಹೆಚ್ಚು ಕಾಲ ಮುಚ್ಚಲು ಹಿಡಿಯಿತು. ಉಳಿದ ಉದ್ದ ಕಾಲುವೆಯಾಗಿಯೇ ಇದೆ. ಅದನ್ನು ಮುಚ್ಚಿದರೆ, ಅದರ ಭರವಸೆಯಲ್ಲಿ ಎದ್ದ ಮನೆಗಳಿಗೆ ನೀರು ನುಗ್ಗುತ್ತದೆ.